ಇಳಿಯದ ಮುಳ್ಳು

"ಮೋಟರ್ ಬಂದ್ ಮಾಡೇನಿ. ಮೀಟರಿನ ಮುಳ್ಳ ಯಾಕ ಇಳೀವಲ್ದು?" ಎಂದು ರೋಲರಿಗೆ ಸಿಕ್ಕ ಹತ್ತಿ ಬಿಡಿಸುವ ಕೆಲಸದ ಇಂದ್ರವ್ವ ಕೂಗಿದ ಹೊತ್ತಿಗೇ ಜಟ್ಟೆಪ್ಪನ ಫೋನು ರಿಂಗಾಯಿತು. ಬೆಳಗಿನ ಜಾವವೇ ಕಿತ್ತೂರಿಗೆ ರಿಪೇರಿ ಕೆಲಸಕ್ಕೆ ಹೋಗಿದ್ದ ಮಗ ಗುರುನಾಥನಿಗೆ ಹೆದ್ದಾರಿ ದಾಟುವಾಗ ಲಾರಿ ಬಡಿದಿತ್ತು. ಜೀವ ಅಲ್ಲೇ ಹೋಗಿತ್ತು.

ಬೈಲಹೊಂಗಲದ ಆ ಹತ್ತಿ ಮಿಲ್ಲಿನಲ್ಲಿ ಅಪ್ಪ ಯಂತ್ರಗಳಿಗೆ ಎಣ್ಣೆ ಬಿಡುವ ಮಿಸ್ತ್ರಿ, ಮಗ ಕರೆಂಟಿನ ಕೆಲಸದವ. ಮೋಟರಿನ ವೇಗ ಏರಿಸಿ ಇಳಿಸುವ ಡ್ರೈವನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಕೂಡಿಸಿದವನು ಅವನೇ. ಹತ್ತಿಯ ರೋಲರು ಮುಚ್ಚಳದೊಳಗೆ ತಿರುಗುವುದರಿಂದ ಅದು ನಿಂತಿದೆಯೋ ಇಲ್ಲವೋ ಎಂಬುದು ಪೆಟ್ಟಿಗೆಯ ಬಾಗಿಲ ಮೇಲಿನ ಮೀಟರಿನಿಂದಲೇ ತಿಳಿಯಬೇಕು. ನಿಂತರೆ ಮುಳ್ಳು ಸೊನ್ನೆಗೆ ಬರುತ್ತಿತ್ತು. ಆವತ್ತಿನಿಂದ ಒಂಬೈನೂರು ಬಿಟ್ಟು ಇಳಿಯಲಿಲ್ಲ.

"ನಿಮ್ಮ ಮಗ ಇನ್ನೂ ಓಡಸಾಕತ್ತಾನ್ರಿ ಕಾಕಾ. ನಾ ಅದರಾಗ ಕೈ ಹಾಕಂಗಿಲ್ಲ" ಎಂದಳು ಇಂದ್ರವ್ವ.

"ದೆವ್ವ ಗಿವ್ವ ಅನಬ್ಯಾಡ. ಬುದ್ಧನ ಮುಂದ ದೀಪಾ ಹಚ್ಚೂ ಮನಿ ನಮ್ದು."

"ದೀಪಾ ಹಚ್ಚಿದ ಕೈನಽ ಹಾಕ್ರಿ ಹಂಗಾರ, ನೋಡೂಣು!"

ಜಟ್ಟೆಪ್ಪ ಹಾಕಿದ. ರೋಲರು ತಣ್ಣಗಿತ್ತು, ಅಲುಗಲಿಲ್ಲ. ಆದರೆ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದಾಗ ಅವನು ಒಬ್ಬನೇ ಆ ಮುಳ್ಳಿನ ಮುಂದೆ ನಿಂತು, "ನಿಮ್ಮವ್ವ ಇವತ್ತ ಎರಡು ತುತ್ತು ಉಂಡಾಳಪಾ" ಎಂದು ಮನೆಯ ಸುದ್ದಿ ಹೇಳುತ್ತಿದ್ದುದು ಯಾರಿಗೂ ಗೊತ್ತಿರಲಿಲ್ಲ.

ಏಳನೆಯ ದಿನ ಮಾಲೀಕರು ಸವದತ್ತಿಯಿಂದ ಡ್ರೈವ್ ಬಲ್ಲ ಉಮಾಶ್ರೀಯನ್ನು ಕರೆಸಿದರು. ಜಟ್ಟೆಪ್ಪ ಸೊಂಟದಿಂದ ಕೀಲಿ ತೆಗೆದುಕೊಟ್ಟ. ಅವಳು ಬಾಗಿಲು ತೆರೆದು ಒಳಗಿನ ಗುಂಡಿಗಳನ್ನು ಒತ್ತಿ ನೋಡಿದಳು.

"ದೆವ್ವ ಅಲ್ರಿ ಕಾಕಾ. ಮೋಟರ್ ಖರೇ ಎಷ್ಟು ತಿರಗತೈತಿ ಅನ್ನೂದ ಬಿಟ್ಟು, ನಾವು ಎಷ್ಟು ತಿರುಗು ಅಂತ ಹೇಳೇವಲ್ಲ, ಅದನ್ನ ಮೀಟರಿಗೆ ಕಳಸಾಕತ್ತೈತಿ. ಯಾರೋ ಸೆಟ್ಟಿಂಗ್ ಬದಲಿ ಮಾಡ್ಯಾರ."

"ಯಾವಾಗ?"

"ಹಿಂದಿನ ದಿನಾ ಸರಿ ಇತ್ತಂದ್ರ, ಆವತ್ತಽ."

"ಆವತ್ತ ಬಾಗಲಾ ಹಾಕಿತ್ತವಾ. ಇರೂದು ಇದೊಂದಽ ಕೀಲಿ. ಅವನ ಕಿಸೇದಾಗಿತ್ತು, ಕಿತ್ತೂರಾಗ."

ಉಮಾಶ್ರೀಯ ಬೆರಳು ಗುಂಡಿಯ ಮೇಲೆಯೇ ನಿಂತಿತು. ಮೆಲ್ಲಗೆ ಹೇಳಿದಳು: "ಕೆಲಸದ ಮಂದಿ ಇವತ್ತ ಅಂಜತಾರ್ರಿ. ನಾಳೆ ರೂಢಿ ಆಗತೈತಿ. ಮುಳ್ಳ ನೋಡೂದ ಬಿಟ್ಟು, ತಿರಗೂ ರೋಲರಿಗೇ ಕೈ ಹಾಕತಾರ. ಸರಿ ಮಾಡ್ಲೇನ್ರಿ?"

ಜಟ್ಟೆಪ್ಪ ಮುಳ್ಳನ್ನೇ ನೋಡಿದ. ಅದು ಇಳಿದರೆ ನಾಳೆ ಮಧ್ಯಾಹ್ನ ಯಾರ ಮುಂದೆ ನಿಲ್ಲಬೇಕು? ಇಂದ್ರವ್ವನ ಕೈಗಳ ಕಡೆ ಅವನ ಕಣ್ಣು ಹೋಯಿತು.

"ಗುಂಡಿ ಯಾವುದು ತೋರ್ಸವಾ. ನಾನಽ ಒತ್ತತೇನಿ."

ಒತ್ತಿದ. ಮುಳ್ಳು ಒಮ್ಮೆಲೆ ಬೀಳಲಿಲ್ಲ. ನಡುಗಿತು, ಅರ್ಧಕ್ಕೆ ಬಂದು ನಿಂತಿತು, ಆಮೇಲೆ ನಿಧಾನವಾಗಿ ಸೊನ್ನೆಯ ಮೇಲೆ ಒರಗಿತು. ಇಂದ್ರವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಜಟ್ಟೆಪ್ಪ ಎಣ್ಣೆಗೈಗಳನ್ನು ಜೋಡಿಸಿದ.

"ಹೋಗಿ ಬಾ ಅನ್ನೂದಿಲ್ಲೋ ಮಗಾ. ಹೋಗು. ತಥಾಗತನ ಕರುಣೆದಾಗ ನಿನಗ ಶಾಂತಿ ಸಿಗಲಿ."