ಬಾಯಿಮಾತಿಗೆ ಹೇಳಿದ್ದಲ್ಲ

ಚನ್ನಗಿರಿಯಲ್ಲಿ ನಾನೂ ಹೇಮಾವತಿಯೂ ಎರಡು ವರ್ಷದಿಂದ ಅರ್ಧರ್ಧ ಬಾಡಿಗೆ ಕೊಟ್ಟು ಒಂದು ಮಹಡಿ ಮನೆಯಲ್ಲಿದ್ದೇವೆ. ಒಂದು ರೂಮು, ಒಂದು ಅಡುಗೆಮನೆ, ಎರಡು ಮಂಚ. ಒಂದು ಮಂಚ ಹೇಮಾವತಿಯದು, ಇನ್ನೊಂದು ಅವಳ ನೆಂಟರದು. ನನ್ನೂರು ಜಗಳೂರು. ನಮ್ಮ ಕಡೆಯವರು ಬರುವುದೇ ಅಪರೂಪ, ಬಂದರೂ ಸಂಜೆ ಬಸ್ಸಿಗೆ ಹೊರಡುವಷ್ಟು ದೊಡ್ಡತನ ತೋರಿಸುತ್ತಾರೆ.

ಹೇಮಾವತಿಯ ಬಳಗವೆಲ್ಲ ಹೊನ್ನಾಳಿ ಕಡೆಯ ಸಾಸ್ವೆಹಳ್ಳಿಯದು. ಅಲ್ಲಿ ಯಾರಿಗೆ ಹಲ್ಲು ನೋಯಲಿ, ಯಾರ ಆಧಾರ್ ಕಾರ್ಡಿನಲ್ಲಿ ಹೆಸರು ತಪ್ಪಿರಲಿ, ಕಾಲು ತಾನಾಗಿ ನಮ್ಮ ಮೆಟ್ಟಿಲ ಕಡೆಗೆ ತಿರುಗುತ್ತದೆ. ಹೊನ್ನಾಳಿಯಲ್ಲಿ ಹಲ್ಲಿನ ಡಾಕ್ಟರಿಲ್ಲವೇ ಎಂದು ಒಮ್ಮೆ ಕೇಳಿಯೇಬಿಟ್ಟೆ.

“ಅದಾರೆ ಕಣಕ್ಕ. ಆದ್ರೆ ಅಲ್ಲಿ ಉಳ್ಕೊಳ್ಳಾಕೆ ನಮ್ಮೋರ ಮನೆ ಇಲ್ವಲ್ಲ” ಅಂದಳು.

ನಾನು ಆರು ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕಿ. ಕಾಯಂ ಆಗಲು ಬರೆಯುವ ಪರೀಕ್ಷೆ ಈ ಸಲ ತಪ್ಪಿದರೆ ಮುಂದಿನದಕ್ಕೆ ನನ್ನ ವಯಸ್ಸು ಮೀರಿರುತ್ತದೆ. ಅಂಥ ಪರೀಕ್ಷೆಗೆ ನಾನು ಓದುತ್ತಿದ್ದದ್ದು ಅಡುಗೆಮನೆಯಲ್ಲಿ, ಗ್ಯಾಸ್ ಸಿಲಿಂಡರಿಗೆ ಒರಗಿಕೊಂಡು. ರೂಮಿನಲ್ಲಿ ನೆಂಟರು ಧಾರಾವಾಹಿ ನೋಡುತ್ತಿದ್ದರು. ನಾನು ನಗುನಗುತ್ತಾ ಅವರಿಗೆ ಚಹಾ ಕೊಡುತ್ತಿದ್ದೆ.

ಹೋಗುವಾಗ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಹೇಮಾವತಿಯ ದೊಡ್ಡಮ್ಮ ಕಲ್ಲಮ್ಮ ಐದು ದಿನ ನನ್ನ ಮಂಚದ ಮೇಲೆ ಹಲ್ಲುನೋವು ಕಳೆದು ಹೊರಟಾಗಲೂ ಕೈ ಹಿಡಿದುಕೊಂಡಿದ್ದರು: “ರಕ್ಷಾ, ನೀನೂ ಒಂದ್ಸಲ ನಮ್ಮನಿಗೆ ಬರಬೇಕವ್ವ. ಬಾಯಿಮಾತಿಗೆ ಹೇಳ್ತಿಲ್ಲ.”

ಭಾನುವಾರ ಪರೀಕ್ಷೆ. ಗುರುವಾರ ಹೇಮಾವತಿಯ ಸೋದರತ್ತೆ ದಿಂಬಿನ ಸಮೇತ ಬಂದಿಳಿದರು. ನನ್ನ ತಲೆ ಕೆಟ್ಟುಹೋಯಿತು. ಚೀಲಕ್ಕೆ ಪುಸ್ತಕ ತುಂಬಿಕೊಂಡು ನೆಟ್ಟಗೆ ಸಾಸ್ವೆಹಳ್ಳಿಗೆ ಹೋದೆ.

ಬಾಗಿಲು ತೆಗೆದ ಕಲ್ಲಮ್ಮನ ಮುಖ ಒಂದು ಕ್ಷಣ ಸಪ್ಪಗಾಯಿತು. ಆಹಾ, ಆ ಒಂದು ಕ್ಷಣಕ್ಕೇ ಬಸ್ ಚಾರ್ಜು ವಸೂಲಾಯಿತು!

“ಬಾರವ್ವ, ಬಾ. ಎಷ್ಟು ದಿನ ಇರ್ತೀಯ?” ಅಂದರು.

“ಭಾನುವಾರ ಬೆಳಿಗ್ಗೆವರೆಗೂ ಇರ್ತೀನಿ” ಅಂದೆ.

ಮೇಜು, ಫ್ಯಾನು, ಚಿಲಕವಿರುವ ಬಾಗಿಲು, ಎಲ್ಲ ಇದ್ದ ಒಂದು ರೂಮು ಬಿಟ್ಟುಕೊಟ್ಟರು. ಮನೆಯಲ್ಲಿ ಟಿವಿ ಹಾಕಲಿಲ್ಲ. ಹೊತ್ತು ಹೊತ್ತಿಗೆ ರೊಟ್ಟಿ, ಪಲ್ಯ, ಚಹಾ. ನೆಂಟಸ್ತನದಲ್ಲಿ ಇಷ್ಟು ಸುಖವಿದೆಯೆಂದು ತಿಳಿದಿದ್ದರೆ ನಾನು ಯಾವತ್ತೋ ಕೆಟ್ಟುಹೋಗುತ್ತಿದ್ದೆ.

ಶನಿವಾರ ಸಂಜೆ ಪೆನ್ನು ಹುಡುಕಲು ಮೇಜಿನ ಖಾನೆ ಎಳೆದೆ. ಒಳಗೆ ನಾನು ಓದುತ್ತಿದ್ದ ಗೈಡಿನದೇ ಇನ್ನೊಂದು ಪ್ರತಿ. ಮೊದಲ ಪುಟದಲ್ಲಿ ‘ಮೇಘಶ್ರೀ’ ಎಂಬ ಹೆಸರು, ಕೆಳಗೆ ಭಾನುವಾರದ ತಾರೀಖು, ಅದರ ಸುತ್ತ ಕೆಂಪು ಗೆರೆ.

“ನನ್ನ ಮಗಳು” ಅಂದರು ಚಹಾ ತಂದ ಕಲ್ಲಮ್ಮ. “ಅವಳ್ದೂ ನಾಳೆ ಇದೇ ಪರೀಕ್ಷೆ. ಇರೋದೊಂದು ರೂಮು, ಮನಿಗೆ ಬಂದೋರಿಗೆ ಹೆಂಗೆ ಇಲ್ಲ ಅನ್ನಾದು? ನೀ ಬಂದ ದಿನಾನೇ ಹೇಮಾ ಹತ್ರ ಕಳಿಸೀನಿ, ಅವಸರದಾಗೆ ಈ ಪುಸ್ತಕ ಮರೆತು ಹೋಗ್ಯಾಳೆ. ಅಲ್ಲಿ ನಿನ್ನ ಮಂಚ ಖಾಲಿ ಐತಲ್ಲ.”

ಖಾಲಿ! ಅದರ ಮೇಲೆ ಹೇಮಾವತಿಯ ಸೋದರತ್ತೆ ಇದ್ದರು. ಅದನ್ನು ಹೇಳಿ, ಫೋನ್ ಮಾಡಿ ಆ ಹುಡುಗಿಯನ್ನು ವಾಪಸ್ ಕರೆಸಬೇಕಿತ್ತು. ಆದರೆ ಇನ್ನೂ ಎರಡು ಅಧ್ಯಾಯ ಬಾಕಿಯಿದ್ದವು. ಬಾಗಿಲಿಗೆ ಚಿಲಕ ಹಾಕಿಕೊಂಡು ಓದಿದೆ. ನಾಚಿಕೆಯಾಗುತ್ತಿತ್ತು, ಆದರೂ ಓದಿದೆ.

ಭಾನುವಾರ ದಾವಣಗೆರೆಯ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಕೆಂಪು ಕಣ್ಣಿನ ಹುಡುಗಿಯೊಬ್ಬಳು ಎದುರಾದಳು. ಹೇಮಾವತಿಯ ಫೋನಿನಲ್ಲಿ ನನ್ನ ಫೋಟೋ ನೋಡಿದ್ದಳಂತೆ.

“ರಕ್ಷಕ್ಕ ಅಲ್ವಾ? ನಾನು ಮೇಘಶ್ರೀ. ನಮ್ಮನ್ಯಾಗೆ ಓದಾಕೆ ಅನುಕೂಲ ಆತೇನ್ರಿ?”

“ಆಯ್ತು. ನಿಂಗೆ?”

“ಆತ್ರಿ. ಸಿಲಿಂಡರಿಗೆ ಒರಗಿದ್ರೆ ಬೆನ್ನೊಂದು ನೋಯ್ತೈತಿ, ಅಷ್ಟೇ.” ಹಲ್ಲು ಕಾಣುವಂತೆ ನಕ್ಕಳು. “ಇನ್ನೊಂದ್ಸಲ ಬರ್ರಿ ಅಕ್ಕ.”

ಆ ನಗು ನನಗೆ ಚೆನ್ನಾಗಿ ಗೊತ್ತು. ಎರಡು ವರ್ಷದಿಂದ ಅದನ್ನೇ ಹಚ್ಚಿಕೊಂಡು ನಾನು ನೆಂಟರಿಗೆ ಚಹಾ ಕೊಡುತ್ತಾ ಬಂದಿದ್ದೇನೆ.