ಬ್ರೀದರ್ ಪೈಪು ಮತ್ತು ಕೆಳಗಿನ ಅಟ್ಟದ ಹುಳುಗಳು

ಕೇಳದೆ ಯಾರಾದರೂ ನನ್ನನ್ನು ಕ್ಷಮಿಸಲು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೈದರೆ ಪರವಾಗಿಲ್ಲ, ತಿರುಗಿ ಬೈಯುತ್ತೇನೆ, ಅಲ್ಲಿಗೆ ಮುಗಿಯಿತು. ಕಳೆದ ಕಾರ್ತಿಕದಲ್ಲಿ ಮೇಲೂರಿನ ನರಸಿಂಹಪ್ಪನವರು ನಮ್ಮ ಮನೆ ಬಾಗಿಲಿಗೆ ಬಂದು ನನ್ನನ್ನು ಕ್ಷಮಿಸಿ ಹೋದರು. ಅದೂ ನಾನು ಮಾಡದ ತಪ್ಪಿಗೆ. ಮಾಡಿದ ತಪ್ಪು ಬೇರೆಯೇ ಇತ್ತು.

ನಾನು ಶ್ರೀವಿದ್ಯಾ. ಚಿಂತಾಮಣಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮಾಡಿ, ಮೇಲೂರಿನಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ ತಗಡಿನ ಶೆಡ್ ಹಾಕಿಕೊಂಡು ಬೈಕು ರಿಪೇರಿ ಮಾಡುತ್ತೇನೆ. ಅಪ್ಪ ಕೋನಪ್ಪ ಮೂವತ್ತು ವರ್ಷ ಲಾರಿ ಗ್ಯಾರೇಜುಗಳಲ್ಲಿ ಇಂಜಿನ್ ಬಿಚ್ಚಿದವನು, ಕೈಕೆಲಸ ಕಲಿಸಿದ್ದು ಅವನೇ. ಮೊದಲ ವರ್ಷ ನನಗೆ ಪಂಚರ್ ಬಿಟ್ಟರೆ ಬೇರೆ ಕೆಲಸ ಸಿಗಲಿಲ್ಲ. ಹೆಂಗಸಿಗೆ ಇಂಜಿನ್ ಏನು ತಿಳಿಯುತ್ತದೆ ಎಂದು ನಗುತ್ತಿದ್ದರು. ನಮ್ಮ ಮನೆ ಯಾವ ಕೇರಿಯಲ್ಲಿದೆ ಎಂದು ಗೊತ್ತಾದಾಗ ನಗುವುದನ್ನೂ ನಿಲ್ಲಿಸುತ್ತಿದ್ದರು. ಆದರೂ ಮೂರನೇ ವರ್ಷಕ್ಕೆ, ಶಿಡ್ಲಘಟ್ಟದ ಮೆಕ್ಯಾನಿಕ್‌ಗಳು ಕೈಬಿಟ್ಟ ಗಾಡಿಗಳು ನನ್ನ ಶೆಡ್ಡಿಗೆ ಬರತೊಡಗಿದವು. ನನಗಿದ್ದ ಆಸ್ತಿ ಎಂದರೆ ಆ ಹೆಸರೊಂದೇ.

ಹಾಗೆ ಬಂದ ಗಾಡಿಗಳಲ್ಲಿ ನರಸಿಂಹಪ್ಪನವರದೂ ಒಂದು. ಹದಿನೆಂಟು ವರ್ಷದ ಹಳೆ ಬೈಕು. ಓಡಿಸುವವನು ಅವರ ಮಗ ಮೋಹನ್‌ಬಾಬು, ಮುದ್ದೇನಹಳ್ಳಿ ಕಡೆ ಕಾಲೇಜೊಂದರಲ್ಲಿ ಮೇಷ್ಟ್ರು. ಹೊಗೆ ಬರುತ್ತಿದೆ, ಏರಿನಲ್ಲಿ ಎಳೆಯುವುದಿಲ್ಲ, ಗೌರಿಬಿದನೂರಿನಲ್ಲಿ ಯಾರೋ ಇಂಜಿನ್ ಬೋರ್ ಮಾಡಿಸಬೇಕು ಅಂದರಂತೆ ಎಂದು ಅಳುಮೋರೆ ಹಾಕಿಕೊಂಡು ಬಂದ. ನಾನು ಏರ್ ಫಿಲ್ಟರ್ ತೆಗೆದು ನೋಡಿದೆ. ಎಣ್ಣೆಯಲ್ಲಿ ಅದ್ದಿ ತೆಗೆದ ವಡೆಯ ಹಾಗಿತ್ತು.

ಇಂಜಿನ್ ಒಳಗೆ ಒತ್ತಡ ಕಟ್ಟಿಕೊಳ್ಳುತ್ತದೆ. ಅದು ಹೊರಗೆ ಹೋಗಲು ಒಂದು ರಬ್ಬರ್ ಪೈಪು ಇರುತ್ತದೆ, ಅದನ್ನು ಬ್ರೀದರ್ ಪೈಪು ಅನ್ನುತ್ತೇವೆ. ಅದರ ಇನ್ನೊಂದು ತುದಿ ಏರ್ ಫಿಲ್ಟರ್ ಡಬ್ಬಿಗೆ ಸೇರುತ್ತದೆ. ಇಂಜಿನ್ ಹಳೆಯದಾದಂತೆ ಆ ಗಾಳಿಯ ಜೊತೆ ಎಣ್ಣೆಯ ಆವಿಯೂ ಬಂದು ಫಿಲ್ಟರ್ ಒದ್ದೆಯಾಗಿ, ಗಾಡಿ ಉಸಿರು ಕಟ್ಟಿದಂತೆ ಓಡುತ್ತದೆ. ನಾನು ಪೈಪನ್ನು ಡಬ್ಬಿಯಿಂದ ಕಿತ್ತು, ತೂತಿಗೆ ಬಿರಡೆ ಹಾಕಿ, ಉದ್ದನೆಯ ಪೈಪೊಂದನ್ನು ಜೋಡಿಸಿ ಚಾಸಿಗೆ ಕಟ್ಟಿಕೊಂಡು ಹಿಂದಕ್ಕೆ ಒಯ್ದೆ. ಬಾಯಿಯನ್ನು ಕ್ಯಾರಿಯರ್ ಕೆಳಗೆ ಬಿಟ್ಟೆ. ಎಣ್ಣೆ ಆವಿ ಹಿಂದೆ ರಸ್ತೆಗೆ ಹೋಗಲಿ, ಇಂಜಿನ್ನಿಗೆ ಒಳ್ಳೆಯ ಗಾಳಿ ಸಿಗಲಿ ಎಂದು. ನೂರು ಜನ ಮಾಡುವ ಉಪಾಯವೇ. ಗಾಡಿ ಹುಡುಗನ ಹಾಗೆ ಓಡಿತು, ನಾನು ಜಂಬ ಪಟ್ಟುಕೊಂಡೆ.

ಬುಧವಾರ ನಾನೇ ಗಾಡಿ ಓಡಿಸಿಕೊಂಡು ಹೋಗಿ ಅವರ ಮನೆಗೆ ತಲುಪಿಸಿದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಪಕ್ಕದ ಹುಳು ಮನೆಯಿಂದ ಸೊಪ್ಪು ಮೇಯುವ ಸದ್ದು ಬರುತ್ತಿತ್ತು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ರೇಷ್ಮೆ ಹುಳುಗಳು, ಇನ್ನೊಂದು ವಾರ ಮೇಯ್ದರೆ ಗೂಡು ಕಟ್ಟುವಂಥವು. ಬಾಗಿಲಲ್ಲಿ ನಿಂತು ಕೂಗಿದೆ. ನರಸಿಂಹಪ್ಪನವರ ಹೆಂಡತಿ ಅಕ್ಕಯ್ಯಮ್ಮ ಬಂದು ಕೀ ತಗೊಂಡರು. ನಾನು ಹೊಸ್ತಿಲು ದಾಟಲಿಲ್ಲ. ಹುಳು ಮನೆಗೆ ಹೊರಗಿನವರು ಸುಮ್ಮನೆ ನುಗ್ಗಬಾರದು, ರೋಗ ತಗುಲುತ್ತದೆ ಎಂಬುದು ನನಗೂ ಗೊತ್ತು. ಆದರೆ ಬ್ಲೀಚಿಂಗ್ ನೀರಿನ ತಟ್ಟೆಯಲ್ಲಿ ಕಾಲು ಅದ್ದಿ ಲೈನ್‌ಮನ್ ಒಳಗೆ ಹೋಗುತ್ತಾನೆ, ಸೊಪ್ಪಿನ ವ್ಯಾಪಾರಿಯೂ ಹೋಗುತ್ತಾನೆ. ನಮ್ಮ ಕೇರಿಯವರಿಗೆ ಆ ತಟ್ಟೆಯೂ ಇಲ್ಲ.

ಶನಿವಾರ ಹುಳುಗಳು ಸೊಪ್ಪು ಬಿಟ್ಟವು. ಭಾನುವಾರ ಸಾಯತೊಡಗಿದವು. ಬುಧವಾರ ನಾನು ಬಾಗಿಲಲ್ಲಿ ನಿಂತಿದ್ದನ್ನು ಎದುರು ಮನೆಯವರು ನೋಡಿದ್ದರು. ಅಷ್ಟು ಸಾಕಾಯಿತು.

ಭಾನುವಾರ ಸಂಜೆ ನರಸಿಂಹಪ್ಪನವರು ಬಂದಾಗ ಸಿಟ್ಟಿನಲ್ಲಿರಲಿಲ್ಲ, ಅದೇ ನನಗೆ ತಡೆಯಲಾಗದ್ದು. ಅಪ್ಪನನ್ನು ಹೊರಗೆ ಕರೆದು ಮೆತ್ತಗೆ ಮಾತಾಡಿದರು. ಹುಡುಗಿ ತಿಳಿಯದೆ ಬಂದಿದ್ದಾಳೆ, ಇವತ್ತಿನ ಕಾಲದವಳು, ನಾನೇನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ, ಗಾಡಿ ಕೆಲಸವನ್ನೂ ಅವಳಿಗೇ ಕೊಡುತ್ತೇನೆ, ಇನ್ನು ಮೇಲೆ ಗೇಟಿನ ಹೊರಗೆ ನಿಂತು ಕೂಗಿದರೆ ಸಾಕು ಎಂದರು. ಅಪ್ಪ ಕೈಮುಗಿದ. ಅವರು ಹೊರಡುವಾಗ ನನ್ನ ಕಡೆ ನೋಡಿ, ಹೋಗಲಿ ಬಿಡು ಎಂಬಂತೆ ತೆಲುಗಿನಲ್ಲಿ, "ಪೋನೀಲೆ ಅಮ್ಮ" ಎಂದರು. ಇಷ್ಟು ದೊಡ್ಡ ಮನಸ್ಸನ್ನು ಎಲ್ಲಿ ಇಟ್ಟುಕೊಳ್ಳುವುದೋ ನನಗೆ ತಿಳಿಯಲಿಲ್ಲ.

ನಾನು ಮೋಹನ್‌ಬಾಬುವಿಗೆ ಫೋನ್ ಮಾಡಿದೆ. ಎಲ್ಲ ಹುಳುಗಳೂ ಹೋದವಾ ಎಂದು ಕೇಳಿದೆ. ಇಲ್ಲವಂತೆ. ಹುಳು ಹಾಸುವ, ಒಂದರ ಮೇಲೊಂದಿರುವ ಮೂರು ಅಟ್ಟಗಳಲ್ಲಿ ಕೆಳಗಿನ ಅಟ್ಟದವು ಮಾತ್ರ. ಸೊಪ್ಪು ಹೇಗೆ ತರುತ್ತೀರಿ ಎಂದೆ. ಮೂರು ಕಿಲೋಮೀಟರ್ ಆಚೆಯ ತೋಟದಿಂದ ಬೈಕಿನ ಮೇಲೆ, ಕ್ಯಾರಿಯರ್‌ಗೆ ಹೊರೆ ಕಟ್ಟಿಕೊಂಡು ಬರುತ್ತೇನೆ ಎಂದ. ಮನೆಯಲ್ಲಿ ಅಮ್ಮ ಹೊರೆಯ ಮೇಲಿನ ಸೊಪ್ಪನ್ನು ಮೊದಲು ಮೇಲಿನ ಅಟ್ಟಕ್ಕೆ ಹಾಕುತ್ತಾ ಬರುತ್ತಾರಂತೆ. ತಳದ್ದು ಯಾವಾಗಲೂ ಕೆಳಗಿನ ಅಟ್ಟಕ್ಕೆ.

ಫೋನ್ ಇಟ್ಟು ಲೆಕ್ಕ ಹಾಕಿದೆ. ಹೊರೆಯ ತಳ ಎಂದರೆ ಕ್ಯಾರಿಯರ್. ಕ್ಯಾರಿಯರ್ ಕೆಳಗೆ ನನ್ನ ಪೈಪಿನ ಬಾಯಿ. ಗಾಡಿ ಓಡುವಾಗ ಹಿಂದೆ ಏಳುವ ಸುಳಿಗಾಳಿ ಆ ಎಣ್ಣೆ ಆವಿಯನ್ನು ರಸ್ತೆಗೆ ಬಿಡದೆ ಮೇಲಕ್ಕೆ ಎತ್ತಿ ಹಸಿ ಸೊಪ್ಪಿಗೆ ಸವರಿತ್ತು. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಿದರೆ ಮೂತಿ ತಿರುಗಿಸುವ ಹುಳು ಅದು. ರೇಷ್ಮೆ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು, ಈ ಊರಿನ ಬೈಕುಗಳ ಹಿಂದೆ ಏನು ಹೋಗುತ್ತದೆ ಎಂದು ಯೋಚಿಸಬೇಡವಾ? ಇಂಜಿನ್ ಬಗ್ಗೆ ಯೋಚಿಸಿದೆ, ಹೊರೆಯ ಬಗ್ಗೆ ಯೋಚಿಸಲಿಲ್ಲ. ಮಂಕುಮುಂಡೇದು ಎಂದು ನನ್ನನ್ನು ನಾನೇ ಬೈದುಕೊಂಡೆ.

ಅಪ್ಪನಿಗೆ ಹೇಳಿದೆ.

"ಪೈಪಿನ ವಿಷ್ಯ ಬಾಯಿ ಬಿಟ್ರೆ ನಾಳೆಯಿಂದ ಒಂದು ಗಾಡಿನೂ ಬರಲ್ಲ ಕಣಮ್ಮ," ಎಂದ. "ಅವರಾಗೇ ಬೇರೆ ಕಾರಣ ಹುಡುಕಿಕೊಂಡವ್ರೆ. ಗೇಟಿನ ಹತ್ರ ನಿಂತ್ಕೊಂಡ್ರೆ ಏನು ಗಂಟು ಹೋಗುತ್ತೆ? ನಾನು ನಿಂತಿಲ್ವಾ?"

"ನೀನು ನಿಂತಿದ್ದು ಸಾಕು," ಎಂದೆ.

ಅವನು ಹೇಳಿದ್ದು ಸುಳ್ಳಲ್ಲ. ಸುಮ್ಮನಿದ್ದರೆ ಮೆಕ್ಯಾನಿಕ್ ಎಂಬ ಹೆಸರು ಉಳಿಯುತ್ತಿತ್ತು. ಆದರೆ ಯಾರ ಹೆಸರು ಅದು? ಬಾಗಿಲಲ್ಲಿ ನಿಂತರೆ ಹುಳು ಸಾಯಿಸುವವಳ ಹೆಸರು. ನಾಳೆ ನನ್ನ ತಮ್ಮ ಸಿದ್ಧಾರ್ಥನಿಗೆ ಮಗಳು ಹುಟ್ಟಿದರೆ ಅವಳಿಗೂ ಅದೇ ಗೇಟು. ನನ್ನ ಕೈಯಿಂದ ಆದ ತಪ್ಪನ್ನು ನನ್ನ ಹುಟ್ಟಿನ ಮೇಲೆ ಹಾಕಲು ನಾನು ಬಿಡುವುದಿಲ್ಲ ಎಂದು ತೀರ್ಮಾನ ಮಾಡಿದೆ.

ಸೋಮವಾರ ಬೆಳಿಗ್ಗೆ ಟೂಲ್ ಬ್ಯಾಗ್ ಹಾಕಿಕೊಂಡು ಹೋದೆ. ಗೇಟು ತೆಗೆದಿತ್ತು, ನೇರ ಅಂಗಳಕ್ಕೆ ನಡೆದೆ. ನರಸಿಂಹಪ್ಪನವರು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು, ಸೊಪ್ಪು ಕೊಯ್ಯುವ ನಾಲ್ಕು ಹೆಂಗಸರೂ ಅಲ್ಲೇ ಇದ್ದರು. ಎಲ್ಲರಿಗೂ ಕೇಳುವಂತೆ ಪೈಪಿನ ವಿಷಯ ಹೇಳಿದೆ. ಅವರು ಕೈ ಆಡಿಸಿ, ಆಗಿದ್ದು ಆಯಿತು, ನಾನೇ ಬಿಟ್ಟುಬಿಟ್ಟಿದ್ದೇನಲ್ಲ, ನೀನ್ಯಾಕೆ ಎಳೆಯುತ್ತೀಯ ಎಂದರು.

"ನೀವು ಬಿಟ್ಟಿದ್ದು ಬೇರೆ ತಪ್ಪು," ಎಂದೆ. "ಇದನ್ನ ಹಿಡ್ಕೊಳ್ಳಿ. ನಾನು ನಿಂತಿದ್ದಕ್ಕೇ ಹುಳ ಸತ್ತಿದ್ರೆ ಕೆಳಗಿನ ಅಟ್ಟದವೇ ಯಾಕೆ ಸತ್ವು? ಮೇಲಿನ ಎರಡು ಅಟ್ಟ ನನಗೇನು ನೆಂಟರಾ?"

ಒಬ್ಬ ಹೆಂಗಸು ನಕ್ಕು ಸೆರಗು ಬಾಯಿಗೆ ಒತ್ತಿಕೊಂಡಳು. ನರಸಿಂಹಪ್ಪನವರ ಮುಖ ಕೆಂಪಾಯಿತು. ನಾನು ಮೋಹನ್‌ಬಾಬುವಿಗೆ ಒಂದು ಬಿಳಿ ಪಂಚೆಯ ತುಂಡು ಕೊಟ್ಟು, ಅದನ್ನು ಕ್ಯಾರಿಯರ್ ಮೇಲೆ ಹಾಸಿ ಅದರ ಮೇಲೆ ಸೊಪ್ಪು ಕಟ್ಟಿಕೊಂಡು ಬಾ ಎಂದೆ. ಅವನು ತನ್ನ ಅಪ್ಪನ ಮುಖ ನೋಡಿದ, ಆಮೇಲೆ ಹೋದ. ಅರ್ಧ ಗಂಟೆಗೆ ವಾಪಸ್ಸು ಬಂದ. ಹೊರೆ ಇಳಿಸಿ ಬಟ್ಟೆ ಬಿಡಿಸಿದರೆ ಅದರ ತುಂಬ ಕಂದು ಚುಕ್ಕೆಗಳು, ಸುಟ್ಟ ಎಣ್ಣೆಯ ವಾಸನೆ.

ಅಷ್ಟರಲ್ಲಿ ಅಕ್ಕಯ್ಯಮ್ಮ ಹುಳು ಮನೆಯಿಂದ ಹೊರಗೆ ಬಂದಿದ್ದರು. ಬಟ್ಟೆ ಮೂಸಿದರು. ಹೊರೆಯ ತಳದ ಒಂದು ರೆಂಬೆ ಎಳೆದು ಎಲೆ ತಿಕ್ಕಿ ಮೂಸಿದರು. ಹುಳು ಸಾಕುವುದು ನಿಜವಾಗಿ ಅವರೇ. ಮೂರು ಹೊತ್ತು ಸೊಪ್ಪು ಹಾಕಿ, ಕಸ ಬಳಿದು, ಎರಡು ರಾತ್ರಿಯಿಂದ ಸರಿಯಾಗಿ ನಿದ್ದೆ ಮಾಡದವರು. ಕಣ್ಣು ಊದಿಕೊಂಡಿತ್ತು. ಎಲೆ ಎಸೆದು ನನ್ನ ರಟ್ಟೆ ಹಿಡಿದರು.

"ಬಾ ಇಲ್ಲಿ. ನೀನು ಮಾಡಿರೋ ಘನಂದಾರಿ ಕೆಲ್ಸ ನೋಡು ಬಾ."

ನರಸಿಂಹಪ್ಪನವರು ಜಗಲಿಯಿಂದ ಎದ್ದು, ಅವಳನ್ನು ಒಳಗೆ ಯಾಕೆ ಎಂದರು.

"ಸಾಯಿಸಿದೋಳು ನೋಡಬೇಡ್ವಾ?" ಎಂದರು ಅಕ್ಕಯ್ಯಮ್ಮ, ನನ್ನ ರಟ್ಟೆ ಬಿಡದೆ. "ಕಾಲು ಅದ್ದೇ, ಎರಡೂ ಕಾಲು."

ಬ್ಲೀಚಿಂಗ್ ನೀರು ತಣ್ಣಗಿತ್ತು. ಒಳಗೆ ಕೆಳಗಿನ ಅಟ್ಟದ ಉದ್ದಕ್ಕೂ ಹುಳುಗಳು ಬಾಯಿಂದ ಹಸಿರು ನೀರು ಬಿಟ್ಟುಕೊಂಡು ಬಿದ್ದಿದ್ದವು. ಇನ್ನೂ ಜೀವ ಇದ್ದ ಕೆಲವು ಸೊಪ್ಪಿನಿಂದ ದೂರ ಸರಿಯಲು ನೋಡುತ್ತಿದ್ದವು. ಅಕ್ಕಯ್ಯಮ್ಮ ಒಂದೊಂದನ್ನೂ ತೋರಿಸಿ ತೋರಿಸಿ ಬೈದರು. ನಾನು ತಿರುಗಿ ಬೈಯಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಇಪ್ಪತ್ತು ದಿನ ಮಕ್ಕಳ ಹಾಗೆ ನೋಡಿಕೊಂಡದ್ದನ್ನು ನನ್ನ ಪೈಪು ಕೊಂದಿತ್ತು.

ಆಮೇಲೆ ಅಂಗಳದಲ್ಲೇ ಕೂತು ಕೆಲಸ ಹಿಡಿದೆ. ಒಂದು ಚಿಕ್ಕ ಸ್ಟೀಲ್ ಬಾಟಲಿಯ ಮುಚ್ಚಳಕ್ಕೆ ಎರಡು ಮೂತಿ ಕೂರಿಸಿಕೊಂಡು ಬಂದಿದ್ದೆ. ಇದಕ್ಕೆ ಕ್ಯಾಚ್ ಕ್ಯಾನ್ ಎನ್ನುತ್ತಾರೆ, ಎಣ್ಣೆ ಹಿಡಿಯುವ ಡಬ್ಬಿ. ಒಳಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುಂಬಿದೆ. ಹಿಂದಕ್ಕೆ ಬಿಟ್ಟಿದ್ದ ಪೈಪು ಕಿತ್ತು ಬಿಸಾಡಿದೆ. ಇಂಜಿನ್ನಿನ ಪೈಪನ್ನು ಡಬ್ಬಿಯ ಒಂದು ಮೂತಿಗೆ, ಇನ್ನೊಂದು ಮೂತಿಯಿಂದ ಮತ್ತೆ ಏರ್ ಫಿಲ್ಟರಿಗೆ ಜೋಡಿಸಿ, ಎಲ್ಲೆಲ್ಲೂ ಕ್ಲಿಪ್ ಬಿಗಿದೆ. ಎಣ್ಣೆ ನಾರಿಗೆ ಅಂಟಿ ಡಬ್ಬಿಯ ತಳದಲ್ಲಿ ಉಳಿಯುತ್ತದೆ, ಬರೀ ಗಾಳಿ ಇಂಜಿನ್ನಿಗೇ ವಾಪಸ್ಸು ಹೋಗುತ್ತದೆ, ಹೊರಗೆ ಏನೂ ಬರುವುದಿಲ್ಲ. ವಾರಕ್ಕೊಮ್ಮೆ ಬಾಟಲಿ ಬಿಚ್ಚಿ ಖಾಲಿ ಮಾಡು ಎಂದು ಮೋಹನ್‌ಬಾಬುವಿಗೆ ಎರಡು ಸಲ ಹೇಳಿದೆ. ಎರಡು ಗಂಟೆ ಹಿಡಿಯಿತು. ಯಾರೂ ಮಣೆ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಹೊಸ ಬಟ್ಟೆ ಕಟ್ಟಿ ತೋಟಕ್ಕೆ ಕಳಿಸಿದೆವು, ಬಟ್ಟೆ ಹೋದ ಹಾಗೇ ಬಿಳಿಯಾಗಿ ಬಂತು. ಮೇಲಿನ ಎರಡು ಅಟ್ಟಗಳು ಉಳಿದು ಗೂಡು ಕಟ್ಟಿದವು.

ಅಪ್ಪ ಹೇಳಿದ್ದೂ ನಿಜವಾಯಿತು. ಎರಡು ವಾರ ಶೆಡ್ಡಿಗೆ ನೊಣ ಬಿಟ್ಟರೆ ಯಾರೂ ಬರಲಿಲ್ಲ.

ಆಮೇಲೊಂದು ದಿನ ಅಪ್ಪನೂ ನಾನೂ ಪೈಪು ತರಲು ಶಿಡ್ಲಘಟ್ಟಕ್ಕೆ ಹೋಗಿ, ಗೂಡಿನ ಮಾರುಕಟ್ಟೆಯ ಎದುರು ಟೀ ಕುಡಿಯುತ್ತಿದ್ದೆವು. ನಾಲ್ಕು ಹೆಜ್ಜೆ ಆಚೆ, ನಮಗೆ ಬೆನ್ನು ಹಾಕಿಕೊಂಡು, ನರಸಿಂಹಪ್ಪನವರು ಚಿಂತಾಮಣಿ ಕಡೆಯ ಇಬ್ಬರು ರೈತರ ಮುಂದೆ ಕೂಗಾಡುತ್ತಿದ್ದರು. ಬೆಳೆ ಯಾಕೆ ಕಮ್ಮಿ ಎಂದು ಅವರು ಕೇಳಿರಬೇಕು.

"ಆ ಮೇಲೂರು ಮೆಕ್ಯಾನಿಕ್ಕು ಬ್ರೀದರ್ ಪೈಪು ತಪ್ಪಾಗಿ ಹಾಕಿ ಕೆಳಗಿನ ಅಟ್ಟ ಪೂರ್ತಿ ಕೊಂದುಬಿಟ್ಲು ಕಣಯ್ಯ. ಕೆಲ್ಸ ಬರದೋಳು."

ಅಪ್ಪ ತಲೆ ತಗ್ಗಿಸಿ, ಬಾ ಹೋಗಣ ಎಂದು ನನ್ನ ಕೈ ಎಳೆದ. ನಾನು ಹೋಗಲಿಲ್ಲ. ಅವರ ಬಾಯಲ್ಲಿ ಕೇರಿ ಇರಲಿಲ್ಲ, ಬಾಗಿಲು ಇರಲಿಲ್ಲ, ನಾನು ನಿಂತಿದ್ದು ಇರಲಿಲ್ಲ. ಪೈಪು ಇತ್ತು. ಮೂರು ವರ್ಷದಲ್ಲಿ ಯಾವ ಹೊಗಳಿಕೆಗೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಗ್ಲಾಸು ಕೆಳಗಿಟ್ಟು ಅವರ ಮುಂದೆ ಹೋಗಿ ನಿಂತು, ಆ ಇಬ್ಬರು ರೈತರಿಗೆ ಹೇಳಿದೆ.

"ಹೌದು. ಆ ಮೆಕ್ಯಾನಿಕ್ ನಾನೇ."