ಒಂಬತ್ತು ವಾರದ ಸೊನ್ನೆ

ಬಸ್ ಡಿಪೋದ ಡ್ಯೂಟಿ ಪಟ್ಟಿಯ ಪಕ್ಕದಲ್ಲಿ ಒಂದು ಕಪ್ಪು ಹಲಗೆ ಇತ್ತು. ಅದನ್ನು ಹಾಕಿದ್ದು ಟೈರುಗಳ ಬಗ್ಗೆ ಸೂಚನೆ ಬರೆಯಲು. ಅದರ ಕೆಳಗಿನ ಅರ್ಧ ಆರು ವರ್ಷಗಳಿಂದ ಬ್ರೇಕ್ ವಿಭಾಗದ ಮೆಕ್ಯಾನಿಕ್ ಒಬ್ಬರ ವಶದಲ್ಲಿತ್ತು. ವಾರದಲ್ಲಿ ಐದು ದಿನ ಸಂಜೆ ಎಂಟಕ್ಕೆ ಟಿ.ವಿ.ಯಲ್ಲಿ ಬರುವ ಹಾಸ್ಯ ಧಾರಾವಾಹಿಗೆ ಅವರು ಮರುದಿನ ಬೆಳಿಗ್ಗೆ ಅಲ್ಲಿ ಅಂಕ ಹಾಕುತ್ತಿದ್ದರು. ಮೂರು ಅಂಕಕ್ಕೆ ಪಾಸು. ಜೊತೆಗೆ ಒಂದು ಸಾಲಿನ ಅಭಿಪ್ರಾಯ. ಡಿಪೋದಲ್ಲಿ ಅವರನ್ನು ಎಲ್ಲರೂ ಮಾರ್ಕ್ಸ್ ಮೇಷ್ಟ್ರು ಎನ್ನುತ್ತಿದ್ದರು.

ಅವರ ಅಭಿಪ್ರಾಯಗಳು ಹೀಗಿರುತ್ತಿದ್ದವು: ‘ರೆಕಾರ್ಡ್ ಮಾಡಿದ ನಗು ಹಾಕುವುದೆಂದರೆ, ಅಡುಗೆಯವನೇ ನಮ್ಮ ತಟ್ಟೆ ಮುಂದೆ ನಿಂತು ಆಹಾ ಎಂದ ಹಾಗೆ.’ ‘ಸಿನಿಮಾ ನಟ ಅತಿಥಿಯಾಗಿ ಬಂದ ಕಂತು ಯಾವತ್ತೂ ಕೆಡುತ್ತದೆ, ಉಳಿದವರೆಲ್ಲ ಅವನಿಗೆ ದಾರಿ ಬಿಟ್ಟು ನಿಂತಿರುತ್ತಾರೆ.’ ‘ಜಿಪುಣ ಮನೆ ಮಾಲೀಕ ಒಳ್ಳೆಯವನಾದ ದಿನ ಈ ಧಾರಾವಾಹಿ ಮುಗಿಯಿತು ಎಂದು ತಿಳಿಯಿರಿ.’

ಅಭಿಪ್ರಾಯ ಅವರದು. ಅಂಕ ಅವರದಲ್ಲ, ಇದು ಡಿಪೋದಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ನಾನು ಅಭಿಮಾನಿ, ನನ್ನ ನಗುವನ್ನು ಸಾಕ್ಷಿ ಎಂದು ತೆಗೆದುಕೊಳ್ಳಲಾಗದು’ ಎಂಬುದು ಅವರ ನಿಲುವು. ಹಾಗಾಗಿ ಅವರು ಹೆಂಡತಿಯ ನಗುವನ್ನು ಎಣಿಸುತ್ತಿದ್ದರು. ಆಕೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸಕ್ಕಿದ್ದರು. ಎಂಟು ಗಂಟೆಗೆ ಮನೆ ಬಟ್ಟೆಗೆ ಇಸ್ತ್ರಿ ಹಾಕುತ್ತ ಅರ್ಧ ಕಣ್ಣಲ್ಲಿ ಟಿ.ವಿ. ನೋಡುತ್ತಿದ್ದರು. ಆಕೆ ಬಾಯಿಬಿಟ್ಟು ನಕ್ಕರೆ ಒಂದು ಗೆರೆ, ಗೆರೆಗೊಂದು ಅಂಕ. ಗೆರೆ ಬೀಳುತ್ತಿದ್ದುದು ಸೋಫಾದಲ್ಲಿ ಕೂತ ಮೆಕ್ಯಾನಿಕ್ ಪತ್ರಿಕೆಯ ಮರೆಯಲ್ಲಿ ಇಟ್ಟುಕೊಂಡ ಪುಸ್ತಕದಲ್ಲಿ.

ಈಗ ಒಂಬತ್ತನೇ ವಾರ. ಹಲಗೆಯ ಮೇಲೆ ದಿನವೂ ಸೊನ್ನೆ.

“ಏನ್ ಮೇಷ್ಟ್ರೇ, ಇಡೀ ಕ್ಲಾಸೇ ಫೇಲಾ?” ಎಂದ ಉದ್ದಣ್ಣ. ಡಿಪೋದ ಅತಿ ಕುಳ್ಳ ಡ್ರೈವರ್ ಅವನೇ.

“ಬರೆಯೋರು ಬದಲಾಗಿದ್ದಾರೆ ಕಣಯ್ಯ. ಗಮನ ಇಟ್ಟು ನೋಡು, ಗೊತ್ತಾಗುತ್ತೆ.”

“ನಮ್ಮನೇಲಿ ನಿನ್ನೆ ನಮ್ಮತ್ತೆ ನಕ್ಕು ನಕ್ಕು ಹಲ್ಲಿನ ಸೆಟ್ಟೇ ಕೆಳಗೆ ಬಿತ್ತು,” ಎಂದರು ಬಿಡಿಭಾಗಗಳ ಸ್ಟೋರು ನೋಡಿಕೊಳ್ಳುವ ಅಕ್ಕ. “ನಿಮ್ಮ ತಕ್ಕಡೀನೇ ಕೆಟ್ಟಿರಬೇಕು ನೋಡಿ.”

“ನನ್ನ ತಕ್ಕಡಿ ಕೆಡಲ್ಲಮ್ಮ,” ಎಂದು ಮೆಕ್ಯಾನಿಕ್ ಬಸ್ಸಿನ ಅಡಿಗೆ ಹೋದರು. ಆದರೆ ಮಾತು ಕಿವಿಯಲ್ಲಿ ಉಳಿಯಿತು.

ಅದು ಶುಕ್ರವಾರ. ಸಂಜೆ ಎಂಟಕ್ಕೆ, ಹೊಸ ಕಂತು ಸಿದ್ಧವಾಗಿಲ್ಲವೆಂದು ಹೇಳಿ ಹಳೆಯದೊಂದನ್ನು ಹಾಕಿದರು. ಮಾಲೀಕ ನೀರು ಉಳಿಸಲು ಹೋಗಿ ತಾನೇ ನೀರಿನ ಟ್ಯಾಂಕಿನೊಳಗೆ ಸಿಕ್ಕಿಕೊಳ್ಳುವ ಕಂತು. ಮೆಕ್ಯಾನಿಕ್‌ಗೆ ಚೆನ್ನಾಗಿ ನೆನಪಿತ್ತು. ಪುಸ್ತಕದಲ್ಲಿ ಹಿಂದಿನ ವರ್ಷದ ಪುಟ ತೆಗೆದು ನೋಡಿದರು: ಏಳು ಗೆರೆ. ಪಕ್ಕದಲ್ಲಿ ‘ದಾಖಲೆ’ ಎಂದು ಬರೆದಿತ್ತು.

ಕಂತು ಮುಗಿಯಿತು. ಇಸ್ತ್ರಿಪೆಟ್ಟಿಗೆ ಒಂದೇ ವೇಗದಲ್ಲಿ ಆ ಕಡೆ ಈ ಕಡೆ ಓಡಾಡುತ್ತಿತ್ತು. ಒಂದು ಗೆರೆಯೂ ಬಿದ್ದಿರಲಿಲ್ಲ.

ಅದೇ ಕಂತು, ಅದೇ ಟಿ.ವಿ., ಅದೇ ಕೋಣೆ. ಬ್ರೇಕ್ ಹಿಡಿಯದಿದ್ದರೆ ಮೆಕ್ಯಾನಿಕ್ ಒಂದೊಂದೇ ಭಾಗವನ್ನು ಪರೀಕ್ಷಿಸಿ ಪಕ್ಕಕ್ಕಿಡುತ್ತಿದ್ದರು; ಕೊನೆಗೆ ಉಳಿದದ್ದರಲ್ಲಿ ದೋಷ ಇರುತ್ತಿತ್ತು. ಈಗಲೂ ಹಾಗೇ ಒಂದೊಂದನ್ನೇ ತೆಗೆದಿಟ್ಟರು. ಉಳಿದದ್ದು ಹೆಂಡತಿ ಒಬ್ಬರೇ. ಪುಟ ತಿರುಗಿಸಿ ಮೊದಲ ಸೊನ್ನೆಯ ದಿನ ಹುಡುಕಿದರು. ಒಂಬತ್ತು ವಾರದ ಹಿಂದಿನ ಸೋಮವಾರ. ಅದರ ಹಿಂದಿನ ಶುಕ್ರವಾರ ಐದು ಗೆರೆ ಇತ್ತು.

“ಏನೇ, ಎರಡು ತಿಂಗಳ ಹಿಂದೆ ಒಂದು ಸೋಮವಾರ ಏನಾಯ್ತು?”

“ಲಾಂಡ್ರಿಗೆ ಬಟ್ಟೆ ಮಡಿಸೋ ಮೆಷಿನ್ ಬಂತು. ಹೇಳಿದ್ನಲ್ಲ.”

ಹೇಳಿದ್ದು ನಿಜ. ‘ಒಳ್ಳೇದಾಯ್ತು ಬಿಡು, ಸೊಂಟಕ್ಕೆ ಆರಾಮ’ ಎಂದು ತಾವು ಉತ್ತರಿಸಿದ್ದೂ ಅವರಿಗೆ ನೆನಪಾಯಿತು.

“ಅದಕ್ಕೂ ನೀನು ನಗದೇ ಇರೋದಕ್ಕೂ...”

“ಓಹೋ, ಲೆಕ್ಕ ಕೇಳ್ತಿದೀರಾ?” ಆಕೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. “ಪೆನ್ಸಿಲ್ ಗೀಚೋ ಸದ್ದು ನಂಗೆ ಕೇಳಲ್ಲ ಅಂದ್ಕೊಂಡ್ರಾ? ಪಾಪ, ಎರಡಕ್ಕೇ ನಿಂತಿದೆ, ಪಾಸಾಗ್ಲಿ ಅಂತ ಎಷ್ಟು ಸಲ ಸುಮ್‌ಸುಮ್ನೆ ನಕ್ಕಿದೀನಿ.”

ಮೆಕ್ಯಾನಿಕ್ ಎದ್ದು ಕೂತರು. “ಯಾವ್ಯಾವ ದಿನ?”

ಆಕೆ ಕುರ್ಚಿ ಎಳೆದುಕೊಂಡು ಕುಳಿತರು. ಆಮೇಲೆ ನಿಧಾನವಾಗಿ ಹೇಳಿದರು.

ಬೆಡ್‌ಶೀಟ್ ಮಡಿಸಲು ಇಬ್ಬರು ಬೇಕು. ಒಬ್ಬೊಬ್ಬರು ಎರಡೆರಡು ಮೂಲೆ ಹಿಡಿದು ಎಳೆಯಬೇಕು, ಹತ್ತಿರ ಬಂದು ಮೂಲೆ ಕೂಡಿಸಬೇಕು, ಮತ್ತೆ ಹಿಂದೆ ಸರಿಯಬೇಕು. ಹನ್ನೊಂದು ವರ್ಷ ಆಕೆಯ ಎದುರು ತುದಿ ಹಿಡಿದದ್ದು ಒಬ್ಬಳೇ ಜೊತೆಗಾತಿ. ಅವಳ ಮನೆಯಲ್ಲಿ ಎಂಟು ಗಂಟೆಗೆ ಟಿ.ವಿ. ಮಾವನ ಕೈಯಲ್ಲಿ, ಮಾವನಿಗೆ ಸುದ್ದಿ ಬಿಟ್ಟರೆ ಬೇರೆ ಬೇಡ. ಹಾಗಾಗಿ ಹಿಂದಿನ ಸಂಜೆಯ ಕಂತನ್ನು ಬೆಳಿಗ್ಗೆ ಬೆಡ್‌ಶೀಟಿನ ಜೊತೆಗೇ ಹೇಳಬೇಕಿತ್ತು.

“ಹತ್ತಿರ ಬಂದಾಗ ನಾನು ಮಾಲೀಕ, ಹಿಂದೆ ಹೋದಾಗ ಬಾಡಿಗೆದಾರ. ಅವಳು ನಕ್ಕು ಮೂಲೆ ಕೈಬಿಡ್ತಿದ್ಲು, ಮತ್ತೆ ಮೊದಲಿಂದ ಮಡಿಸ್ತಿದ್ವಿ. ಈಗ ಮೆಷಿನ್‌ಗೆ ಒಬ್ಬರು ಸಾಕು. ಅವಳನ್ನ ಊರಾಚೆ ಆಸ್ಪತ್ರೆ ಬ್ರಾಂಚಿಗೆ ಹಾಕಿದ್ರು. ನಾನು ಅದರ ಸದ್ದಿಗೆ ಕಿವೀಲಿ ಹತ್ತಿ ಇಟ್ಕೊಂಡು ಬಟ್ಟೆ ತಳ್ತೀನಿ.”

“ಫೋನ್ ಮಾಡಬಹುದಲ್ವೇ?”

“ಮಾಡಿದೆ ರೀ, ಎರಡು ಸಲ. ಹುಷಾರಾ, ಊಟ ಆಯ್ತಾ, ಮುಗೀತು. ಅದು ಕೈಯಲ್ಲಿ ಬಟ್ಟೆ ಇದ್ರೇನೇ ಬರೋದು.” ಆಕೆ ಟಿ.ವಿ.ಯ ಕಡೆ ಗದ್ದ ತೋರಿಸಿದರು. “ಇದನ್ನ ಯಾರಿಗೆ ಹೇಳ್ಲಿ ಅಂತ ನೋಡ್ತಾ ನೋಡ್ತಾ ಯೋಚನೆ ಬರುತ್ತೆ. ನಗೋದು ಮರೆತುಹೋಗುತ್ತೆ.”

ಮೆಕ್ಯಾನಿಕ್ ಪುಸ್ತಕ ಮುಚ್ಚಿದರು. ಒಂಬತ್ತು ವಾರ ಪಕ್ಕದಲ್ಲೇ ಕೂತು, ದಿನಾಂಕ ಸಮೇತ ಎಲ್ಲವನ್ನೂ ಬರೆದುಕೊಂಡಿದ್ದರು. ಓದಿದ್ದು ಮಾತ್ರ ತಪ್ಪು. ಎದ್ದು ಬುಟ್ಟಿಯಿಂದ ಒಂದು ಬೆಡ್‌ಶೀಟ್ ತೆಗೆದು ಎರಡು ಮೂಲೆ ಹಿಡಿದರು.

“ಅದು ಉದ್ದದ ಕಡೆ. ಅಗಲದ್ದು ಹಿಡೀರಿ.”

ಹಿಡಿದರು. “ಹೇಳು.”

“ಈಗ ತಾನೇ ನೋಡಿದ್ರಲ್ಲ!”

“ನಾನು ನೋಡಿದ್ದು ಬೇರೆ. ನೀನು ಹೇಳು.”

ಆಕೆ ಮೊದಲು ಗಂಟಲು ಸರಿಮಾಡಿಕೊಂಡು, ತಡವರಿಸುತ್ತಲೇ ಶುರು ಮಾಡಿದರು. ಎರಡನೇ ಮಡಿಕೆಗೆ ಬರುವಷ್ಟರಲ್ಲಿ ಮಾಲೀಕ ಟ್ಯಾಂಕಿನ ಒಳಗಿಂದಲೇ ಬಾಡಿಗೆ ಕೇಳುತ್ತಿದ್ದ. ಕಂತಿನಲ್ಲಿ ಅವನು ಕೇಳಿರಲಿಲ್ಲ. ಮೆಕ್ಯಾನಿಕ್ ತಿದ್ದಲು ಬಾಯಿ ತೆರೆದರು, ತೆರೆದ ಬಾಯಲ್ಲೇ ನಗು ಬಂತು, ಮೂಲೆ ಕೈಜಾರಿತು.

“ನೀವೂ ಅಷ್ಟೇ,” ಎಂದು ಆಕೆ ನಕ್ಕರು. ಗೆರೆ ಹಾಕಲು ಕೈಯಲ್ಲಿ ಪೆನ್ಸಿಲ್ ಇರಲಿಲ್ಲ.

ಶನಿವಾರ ಬೆಳಿಗ್ಗೆ ಹಲಗೆಯ ಮೇಲೆ ಹೀಗಿತ್ತು: ‘ತಿದ್ದುಪಡಿ. ಕಳೆದ ಒಂಬತ್ತು ವಾರಗಳ ಅಂಕಗಳನ್ನು ಹಿಂದಕ್ಕೆ ಪಡೆಯಲಾಗಿದೆ. ತಪ್ಪು ಧಾರಾವಾಹಿಯದಲ್ಲ.’

“ಮತ್ತೆ ಯಾರದು ಮೇಷ್ಟ್ರೇ?” ಉದ್ದಣ್ಣ ಕೇಳಿದ.

“ಅಂಕ ಹಾಕಿದವನದು. ಅದಿರಲಿ, ಊರಾಚೆ ಆಸ್ಪತ್ರೆ ಕಡೆಗೆ ನಾಳೆ ಭಾನುವಾರ ಮೊದಲ ಬಸ್ಸು ಎಷ್ಟಕ್ಕೆ?”

“ಒಂಬತ್ತೂವರೆಗೆ, ನಂದೇ. ಯಾಕೆ, ಯಾರಿಗೆ ಹುಷಾರಿಲ್ಲ?”

“ಎಲ್ಲ ಹುಷಾರಾಗಿದ್ದಾರೆ. ಅಲ್ಲೇ ಹತ್ತಿರ ನಮ್ಮನೆಯವಳ ಜೊತೆಗಾತಿ ಮನೆ. ನಲವತ್ತೈದು ಕಂತು ಹೇಳೋದು ಬಾಕಿ ಇದೆಯಂತೆ.” ಸ್ಪ್ಯಾನರ್ ಎತ್ತಿಕೊಂಡು ಎರಡು ಹೆಜ್ಜೆ ಹೋದವರು ತಿರುಗಿ ನಿಂತರು. “ನಲವತ್ತನಾಲ್ಕು. ನಿನ್ನೆಯದು ಹಳೇದು.”